ಎಲ್ಲ ಕೇಳಿದವರು, ಏನೂ ಬರೆಯದವರು

ಜಿಮ್ ರೀವ್ಸ್, ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸ್, ಯಕ್ಷಗಾನ ಭಾಗವತ ಕಾಳಿಂಗ ನಾವಡ, ಬೀಟಲ್ಸ್. ಈ ಎಲ್ಲ ಕ್ಯಾಸೆಟ್ಟುಗಳೂ ಒಂದೇ ಡಬ್ಬಿಯಲ್ಲಿರುವ ಕ್ರೈಸ್ತ ಮನೆ ಕುಂದಾಪುರದ ಕಡೆ ಹುಡುಕಿದರೆ ಸಿಕ್ಕೀತು. ಇಂಥ ರುಚಿಗೆ ಜನ ಕೊಡುವ ಕಾರಣ ಸಿದ್ಧವಾಗಿಯೇ ಇರುತ್ತದೆ: ಮುಂಬಯಿಗೆ ಹೋದವರು ತಂದರು, ಗಲ್ಫಿನಿಂದ ಟೇಪ್‌ರೆಕಾರ್ಡರ್ ಬಂತು. ಅದು ಅರ್ಧ ಸತ್ಯ. ಟೇಪು, ರೇಡಿಯೊ ಬರುವ ಮೊದಲೇ ಇಲ್ಲಿನ ಕ್ರೈಸ್ತರ ಕಿವಿ ಬೆರಕೆಯದಾಗಿತ್ತು.

ಬ್ರಹ್ಮಾವರವನ್ನೇ ನೋಡಿ. ಗೋವೆಯ ಪಾದ್ರಿ ಆಲ್ವಾರಿಸ್ ರೋಮಿನ ಅಧಿಕಾರದಿಂದ ಹೊರಬಂದು 1889ರಲ್ಲಿ ಮಲಂಕರ ಸಿರಿಯನ್ ಸಭೆಯ ಬಿಷಪರಾದರು. ಅವರ ಜೊತೆಗಾರ ಫಾದರ್ ನೊರೊನ್ಹಾ ಬ್ರಹ್ಮಾವರದಲ್ಲಿ ನೆಲೆನಿಂತು ಸಮುದಾಯ ಕಟ್ಟಿದರು. ಮೊದಮೊದಲು ಲ್ಯಾಟಿನ್ ಕ್ರಮದ ಪೂಜೆಯನ್ನೇ ಉಳಿಸಿಕೊಂಡಿದ್ದ ಈ ಕೊಂಕಣಿ ಕುಟುಂಬಗಳು ಬರಬರುತ್ತ ಸಿರಿಯನ್ ಕ್ರಮಕ್ಕೆ ಹೊರಳಿದವು. ಸಿರಿಯನ್ ಹಾಡಿಕೆ ಎಂಟು ಧಾಟಿಗಳ ಪದ್ಧತಿಯದು. ಧಾಟಿಗಳು ಸರದಿಯಲ್ಲಿ ಬಂದು ಹೋಗುತ್ತವೆ. ಹೀಗೆ ಒಂದೇ ಮನೆಮಾತಿನ, ಒಂದೇ ಬಗೆಯ ಮೀನುಸಾರು ಉಣ್ಣುವ ಎರಡು ಮನೆಗಳಲ್ಲಿ ಒಂದರ ಕಿವಿ ಯುರೋಪಿನ ಬಹುಕಂಠದ ಮೇಳಕ್ಕೂ ಇನ್ನೊಂದರ ಕಿವಿ ಪಶ್ಚಿಮ ಏಷ್ಯಾದ ಏಕಕಂಠದ ಧಾಟಿಗೂ ಪಳಗಿತು. ಅತ್ತ ಕಥೊಲಿಕರ ಅಂಗಳದಲ್ಲಿ ಮದುವೆಗೆ ಮುಂಚಿನ ರೋಸಿನ ದಿನ ವೊವಿಯೊ ಹಾಡುಗಳ ಜೊತೆ ಬಾರಿಸುತ್ತಿದ್ದ ಗುಮಟೆಯೇ ಹೋಳಿಯಲ್ಲಿ ಕುಡುಬಿಯರ ಕೈಯಲ್ಲೂ ಖಾರ್ವಿಯರ ಕೈಯಲ್ಲೂ ಇತ್ತು. ಮಣ್ಣಿನ ಗಡಿಗೆಗೆ ಉಡದ ಚರ್ಮ ಬಿಗಿದ ಆ ವಾದ್ಯಕ್ಕೆ ಯಾರೂ ಜ್ಞಾನಸ್ನಾನ ಮಾಡಿಸಲಿಲ್ಲ.

ಪ್ರಾಟೆಸ್ಟಂಟರ ದಾರಿ ಬೇರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡದ ಪದ ಕೂಡಿಸಿತು. ಅಲ್ಲಿ ಕನ್ನಡಕ್ಕೆ ಎಷ್ಟೋ ಕಡೆ ಉಸಿರು ಕಟ್ಟುತ್ತದೆ, ಹ್ರಸ್ವಾಕ್ಷರವನ್ನು ಎಳೆದೆಳೆದು ಹಾಡಬೇಕಾಗುತ್ತದೆ. ಛಂದಸ್ಸು ಬಲ್ಲ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಈ ನೆಲದ ಮಟ್ಟುಗಳಿಗೆ ತಂದರು. ಸಭೆ ಆ ದಾರಿಯಲ್ಲಿ ಹೆಚ್ಚು ದೂರ ನಡೆಯಲಿಲ್ಲ. (ಮಿಶನರಿಗಳ ಜೊತೆ ಬಂದ ಹಾರ್ಮೋನಿಯಂ ಭಜನಾ ಮಂದಿರಕ್ಕೂ ಸಲೀಸಾಗಿ ಹೊಕ್ಕಿತು, ಆಕಾಶವಾಣಿಗೆ ಮಾತ್ರ ಅದು 1940ರಿಂದ 1971ರವರೆಗೆ ಮೈಲಿಗೆ.)

ಇಂಥ ಕಿವಿಗೆ ರೇಡಿಯೊ ಸಿಕ್ಕಿತು. ಪ್ರಸಾರ ಸಚಿವ ಕೇಸ್ಕರ್ 1952ರ ಹೊತ್ತಿಗೆ ಸಿನಿಮಾ ಹಾಡನ್ನು ಆಕಾಶವಾಣಿಯಿಂದ ದೂರವಿಟ್ಟಾಗ ಕೇಳುಗರು ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಬಿನಾಕಾ ಗೀತಮಾಲೆ, ಇಂಗ್ಲಿಷ್ ಪಾಪ್, ಬೈಬಲ್ ಪ್ರಸಂಗ ಎಲ್ಲವೂ ಅಲ್ಲಿದ್ದವು. 1970ರಲ್ಲಿ ಸೇಶೆಲ್ಸ್ ದ್ವೀಪದಿಂದ ಫೀಬಾ ಕೇಂದ್ರದ ಕ್ರೈಸ್ತ ಪ್ರಸಾರ ಶುರುವಾಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಬಂದು ತಾಳಮದ್ದಳೆಯನ್ನೂ ಕೊಂಕಣಿ ಹಾಡನ್ನೂ ಮನೆಗೆ ತಂದಿತು. ಕೇಳುಗನಿಗೆ ಆಯ್ಕೆ ಕಡಿಮೆ, ಬಂದದ್ದನ್ನು ಕೇಳಬೇಕು. ಈ ರುಚಿ ಅಗಲವಾದದ್ದು ಆಯ್ಕೆಯಿಂದಲ್ಲ, ಆಯ್ಕೆ ಇಲ್ಲದ್ದರಿಂದ ಎಂದೇ ನನ್ನ ಅನಿಸಿಕೆ. ನಿನ್ನೆ ಮೆಚ್ಚಿದ್ದನ್ನೇ ಇವತ್ತೂ ಬಡಿಸುವ ಫೋನಿನಿಂದ ಇಂಥ ಕೇಳುಗ ಹುಟ್ಟುವುದು ಕಷ್ಟ. ಲ್ಯಾಟಿನ್ ಕಥೊಲಿಕ್ ಮನೆಯ ಯೇಸುದಾಸ್ ದಶಕಗಳ ಕಾಲ ತಮ್ಮ ಹುಟ್ಟುಹಬ್ಬಕ್ಕೆ ಬೈಂದೂರು ತಾಲೂಕಿನ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಎದುರು ಹಾಡಿದಾಗ ಈ ಭಾಗದ ಇಗರ್ಜಿ ಜನ ಹುಬ್ಬೇರಿಸದಿದ್ದುದಕ್ಕೂ ಅದೇ ಕಾರಣವಿರಬೇಕು.

ಬೆರಕೆಯನ್ನು ಸೋಸುವ ಯತ್ನವೂ ನಡೆಯಿತು. 1986ರಲ್ಲಿ ಎರಿಕ್ ಒಝೇರಿಯೊ ಮಂಗಳೂರಿನಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ಕಟ್ಟಿ, ಕೊಂಕಣಿ ಹಾಡಿಗೆ ಕೊಂಕಣಿಯದೇ ದನಿ ಬೇಕೆಂದರು. ಅಂಗಳದ ಗುಮಟೆಗೆ ವೇದಿಕೆಯ ಮಾನ ಸಿಕ್ಕಿತು, ಅದು ದೊಡ್ಡ ಕೆಲಸವೇ. ಆದರೆ ಪಶ್ಚಿಮವನ್ನು ಕಳೆದರೆ ಉಳಿಯುವುದೇ ಅಪ್ಪಟ ಕೊಂಕಣಿ ಎಂಬ ಲೆಕ್ಕವನ್ನು ನಾನು ನಂಬಲಾರೆ. 2010ರಲ್ಲಿ ತೀರಿಕೊಂಡ ವಿಲ್ಫಿಯವರ ಹಾಡುಗಳ ಮೈಯಲ್ಲೇ ಗಿಟಾರಿದೆ. ಅವು ಕೊಂಕಣಿಯಲ್ಲ ಎಂದರೆ ಕುಂದಾಪುರದ ಯಾವ ಅಜ್ಜಿಯೂ ಒಪ್ಪಳು.

ಇಷ್ಟೆಲ್ಲ ಕೇಳಿದವರ ಕೈಗೆ ರಾಕ್ ಗಾಯಕರ ಆತ್ಮಕಥೆಗಳು ಬಂದರೆ ಅವು ಪರದೇಶದವು ಅನಿಸುವುದಿಲ್ಲ. ಪುಂಡನೆಂದು ಹೆಸರಾದ ಕೀತ್ ರಿಚರ್ಡ್ಸ್ ‘ಲೈಫ್’ನಲ್ಲಿ (2010) ಹುಡುಗನಾಗಿದ್ದಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ರಾಣಿಯ ಮುಂದೆ ಹಾಡಿದ್ದನ್ನು, ದನಿ ಒಡೆದಾಗ ಕೊಯರ್‌ನಿಂದ ಹೊರಬಿದ್ದದ್ದನ್ನು, ರಾತ್ರಿ ಕದ್ದು ರೇಡಿಯೊ ಲಕ್ಸೆಂಬರ್ಗ್ ಕೇಳಿದ್ದನ್ನು ಹೇಳುತ್ತಾನೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬೆಳೆದದ್ದು ಕಥೊಲಿಕ್ ಇಗರ್ಜಿಯ ನೆರಳಲ್ಲೇ.

ಆದರೆ ಈ ಪ್ರಕಾರಕ್ಕೊಂದು ರೋಗವಿದೆ. ಸಂತ ಆಗಸ್ಟೀನನಿಂದ ಬಂದ ಪಾಪನಿವೇದನೆಯ ಅಚ್ಚು ಇಲ್ಲಿ ಸವೆದುಹೋಗಿದೆ: ಬಡತನ, ಕೀರ್ತಿ, ಮಾದಕವಸ್ತು, ಪತನ, ಕೊನೆಗೆ ಬೆಳಕು. ರಿಟ್ರೀಟುಗಳಲ್ಲಿ ಸಾಕ್ಷಿ ಹೇಳುವುದನ್ನು ಕೇಳಿದವರಿಗೆ ಇದು ಗುರುತು ಸಿಗುತ್ತದೆ. ಜಾನಿ ಕ್ಯಾಶ್ 1975ರಲ್ಲಿ ‘ಮ್ಯಾನ್ ಇನ್ ಬ್ಲ್ಯಾಕ್’ ಬರೆದು ಮಾತ್ರೆಗಳ ಚಟ ಬಿಟ್ಟ ಕಥೆಯನ್ನು ಸಾಕ್ಷಿಯಂತೆಯೇ ಮುಗಿಸಿದ. ಚಟ ಮರಳಿತು, 1997ರಲ್ಲಿ ‘ಕ್ಯಾಶ್’ ಎಂಬ ಎರಡನೆಯ ಆತ್ಮಕಥೆ ಬಂತು. ನನಗೆ ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ಕ್ರೈಸ್ತ ಪುಸ್ತಕವಾಗಿ ಕಾಣುತ್ತದೆ. ಅದಕ್ಕೆ ಗೆದ್ದೆನೆಂದು ಸಾರುವ ಅವಸರವಿಲ್ಲ. ಬಾಬ್ ಡಿಲನ್ ಇನ್ನೂ ಚತುರ. 1979ರಲ್ಲಿ ಕ್ರಿಸ್ತನನ್ನು ಹಾಡಿ ಅಭಿಮಾನಿಗಳನ್ನು ದಂಗುಬಡಿಸಿದವನು 2004ರ ‘ಕ್ರಾನಿಕಲ್ಸ್’ನಲ್ಲಿ ಆ ವರ್ಷಗಳನ್ನೇ ಹಾರಿಸಿಬಿಟ್ಟ. ಈ ಪ್ರಕಾರದ ಅತ್ಯುತ್ತಮ ಪುಸ್ತಕದಲ್ಲಿ ಮತಾಂತರದ ಅಧ್ಯಾಯವೇ ಇಲ್ಲ!

ಈಗ ನಮ್ಮ ಕಡೆಗೆ ತಿರುಗಿದರೆ ಕಾಣುವುದು ಖಾಲಿ ಕಪಾಟು. ಬರೆಯುವ ಮಾದರಿ ಹತ್ತಿರದಲ್ಲಿರಲಿಲ್ಲ ಎನ್ನುವಂತಿಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ 1948ರಲ್ಲೇ ಬಂತು. ಅದರಲ್ಲಿ ಪಾಪನಿವೇದನೆಯೂ ಇಲ್ಲ, ಉದ್ಧಾರವೂ ಇಲ್ಲ. ಒಂದು ಗೀಳಿನಿಂದ ಇನ್ನೊಂದಕ್ಕೆ ಹಾರುವ ಮನುಷ್ಯನಿದ್ದಾನೆ. ಹತ್ತು ಬಗೆಯ ಸಂಗೀತ ಕೇಳಿದವನಿಗೆ ಸಲ್ಲುವ ರೂಪ ಅದೇ. ಬರೆಯಲು ಸರಕಿಗೂ ಬರವಿರಲಿಲ್ಲ. ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಸರಿದು ಕೊಂಕಣಿ ಬಂದಾಗ ಬಾಯಿಪಾಠದ ಹಾಡುಗಳನ್ನು ಮುದುಕಿಯರು ಏನು ಮಾಡಿದರು, ಹೊಸ ಧಾಟಿಗಳನ್ನು ಕೊಯರಿಗೆ ಯಾರು ಕಲಿಸಿದರು, ಆಲ್ತಾರಿನ ಪಕ್ಕ ಮೊದಲ ಗಿಟಾರು ಬಂದಾಗ ಗೊಣಗಿದವರು ಯಾರು, ನಾವಡರ ಕಂಠದಿಂದ ಯಾವ ಕೊಯರ್ ಮಾಸ್ಟರ್ ಏನು ಕದ್ದರು? ಇದನ್ನೆಲ್ಲ ಬಲ್ಲವರ ಬಗ್ಗೆ ಇಗರ್ಜಿಗಳ ಜ್ಯುಬಿಲಿ ಸ್ಮರಣ ಸಂಚಿಕೆಗಳಲ್ಲಿ ಸಿಗುವುದು ಒಂದು ಭಾವಚಿತ್ರ, ಅದರ ಕೆಳಗೆ ಇಂಥವರು ಇಷ್ಟು ವರ್ಷ ನಿಸ್ವಾರ್ಥ ಸೇವೆ ಸಲ್ಲಿಸಿದರು ಎಂಬ ಎರಡು ಸಾಲು.