ಕನ್ಸಾಲಾದ ಮದ್ದಿನ ಮನೆ: ಕಾಬೂ ರಾಜ್ಯದ ಪತನ ಕಥನವನ್ನು ಓದುವ ಬಗೆ

ಇವತ್ತಿನ ವಿಷಯ ಪಶ್ಚಿಮ ಆಫ್ರಿಕಾದ ಕಾಬೂ ಎಂಬ ಮಂಡಿಂಕಾ ರಾಜ್ಯ. ಆದರೆ ರಾಜರ ಪಟ್ಟಿ ಒಪ್ಪಿಸುವುದು ನನ್ನ ಉದ್ದೇಶ ಅಲ್ಲ. ಆ ರಾಜ್ಯ ಎದ್ದದ್ದನ್ನು, ಬಿದ್ದದ್ದನ್ನು ಅಲ್ಲಿನ ಹಾಡುಗಾರರು ಹೇಗೆ ಕಟ್ಟಿಕೊಟ್ಟರು, ನಾವು ಅದನ್ನು ಹೇಗೆ ಓದಬೇಕು ಅನ್ನೋದು ನನ್ನ ಪ್ರಶ್ನೆ. ಇಂದಿನ ಗಿನಿ-ಬಿಸಾವಿನ ಈಶಾನ್ಯ ಭಾಗ, ಸೆನೆಗಲ್ಲಿನ ಕಾಸಾಮಾಂಸ್, ಗ್ಯಾಂಬಿಯಾ ನದಿಯ ದಕ್ಷಿಣ ದಂಡೆ, ಇಷ್ಟೂ ಸೇರಿದ ಸೀಮೆ ಅದು. ಮೊದಲು ಮಾಲಿ ಸಾಮ್ರಾಜ್ಯದ ಪಶ್ಚಿಮದ ಅಂಚು. ಮಾಲಿ ಸೊರಗಿದ ಮೇಲೆ ಸ್ವತಂತ್ರ ಒಕ್ಕೂಟ. ರಾಜಧಾನಿ ಕನ್ಸಾಲಾ, ಅರಸನ ಬಿರುದು ಮನ್ಸಾಬಾ.

ಪತನದ ಕಥೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಹೆಚ್ಚು ಪ್ರಸಿದ್ಧವಾದದ್ದು ಅದೇ. ಫೂತಾ ಜಲೋನಿನ ಫುಲಾ ಸೈನ್ಯ ಕನ್ಸಾಲಾವನ್ನು ಮುತ್ತುತ್ತದೆ. ವರ್ಷ 1867 ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ಎರಡು ಮೂರು ವರ್ಷ ಹಿಂದಕ್ಕೆ ಇಡುವವರೂ ಇದ್ದಾರೆ. ಗೆಲ್ಲುವ ದಾರಿಯಿಲ್ಲ ಎಂದು ಕಂಡ ಮನ್ಸಾಬಾ ಜಾಂಕೆ ವಾಲಿ, ಶತ್ರುಗಳು ಕೋಟೆಯೊಳಗೆ ನುಗ್ಗಿದ ಮೇಲೆ ಮದ್ದಿನ ಮನೆಗೆ ಬೆಂಕಿ ಇಡುತ್ತಾನೆ. ಗೆದ್ದವರು, ಸೋತವರು ಒಟ್ಟಿಗೆ ಸುಟ್ಟುಹೋಗುತ್ತಾರೆ. ಈ ಯುದ್ಧಕ್ಕೆ ಮಂಡಿಂಕಾದಲ್ಲಿ ‘ತುರುಬಾನ್’ ಎಂಬ ಹೆಸರಿದೆ. ಬೀಜವೇ ಮುಗಿಯಿತು ಎಂಬ ಅರ್ಥ. ನಮ್ಮ ಕಡೆ ‘ನಿರ್ವಂಶ ಆಯ್ತು’ ಅಂತೀವಲ್ಲ, ಹಾಗೆ.

ಇದನ್ನು ಕಾಪಾಡಿಕೊಂಡು ಬಂದವರು ಜಲಿಗಳು, ಅಂದರೆ ವಂಶಪಾರಂಪರ್ಯವಾಗಿ ಹಾಡಿ ಹೇಳುವವರು. ಅವರ ಇಪ್ಪತ್ತೊಂದು ತಂತಿಯ ಕೋರಾ ವಾದ್ಯ ಹುಟ್ಟಿದ್ದೇ ಕಾಬೂ ಸೀಮೆಯಲ್ಲಿ ಅಂತ ಪರಂಪರೆ ಹೇಳುತ್ತದೆ. ಗಾರ್ಡನ್ ಇನ್ನೆಸ್ 1976ರಲ್ಲಿ ಕಾಬೂ ಮತ್ತು ಫುಲಾದು ಕುರಿತ ಗ್ಯಾಂಬಿಯಾದ ಕಥನಗಳನ್ನು ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಹೊರಗಿನವರಿಗೂ ಇವು ಓದಲು ಸಿಕ್ಕವು. ಒಂದು ಮಾತು ಮರೆಯಬಾರದು: ಜಲಿ ಅನ್ನ ಉಂಡದ್ದು ಅರಸು ಮನೆತನಗಳ ಆಶ್ರಯದಲ್ಲಿ.

ಈಗ ಹುಟ್ಟಿನ ಕಥೆಗೆ ಬರೋಣ. ಅದು ಒಂದಲ್ಲ, ಎರಡು. ಮೊದಲನೆಯದು ಗಂಡಿನ ಕಥೆ. ಮಾಲಿಯ ಸುಂಜಾತಾನ ಸೇನಾಪತಿ ತಿರಮಖಾನ್ ತ್ರಾವೋರೆ 13ನೇ ಶತಮಾನದಲ್ಲಿ ಪೂರ್ವದಿಂದ ಬಂದು ನಾಡು ಗೆದ್ದ ಎನ್ನುವುದು. ಎರಡನೆಯದು ಹೆಣ್ಣಿನ ಕಥೆ. ಕಾಡಿನ ಗವಿಯಲ್ಲಿ ಸಿಕ್ಕ ಒಬ್ಬ ನಿಗೂಢ ಹೆಣ್ಣಿನ ಮಕ್ಕಳಿಂದ ‘ಞಾಂಚೊ’ ಎಂಬ ರಾಜವರ್ಗ ಹುಟ್ಟಿತು ಎನ್ನುವುದು. ಞಾಂಚೊತನ ಬರುವುದು ತಾಯಿಯಿಂದ ಮಾತ್ರ. ಜಿಮಾರಾ, ಸಾಮಾ, ಪಚಾನಾ ಎಂಬ ಮೂರು ಪ್ರಾಂತ್ಯಗಳ ಸಾನೆ ಮತ್ತು ಮಾನೆ ಮನೆತನಗಳಿಗೇ ಸಿಂಹಾಸನ.

ಕಾಸರಗೋಡಿನ ಗೆಳೆಯರಿಗೆ ತಕ್ಷಣ ಅಳಿಯಸಂತಾನ ನೆನಪಾಗಿರಬೇಕು. ಇಂಥ ಹೋಲಿಕೆ ಹೊಳೆದದ್ದು ನಮಗೇ ಮೊದಲಲ್ಲ. 1352ರಲ್ಲಿ ಮಾಲಿಗೆ ಹೋಗುವ ದಾರಿಯಲ್ಲಿ ವಲಾತಾ ಪಟ್ಟಣದಲ್ಲಿ ತಂಗಿದ್ದ ಇಬ್ನ್ ಬತೂತಾ, ಅಲ್ಲಿ ಆಸ್ತಿ ಸೋದರಳಿಯನಿಗೆ ಹೋಗುವುದನ್ನು ಕಂಡು, ಇದನ್ನು ಮಲಬಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ ಎಂದು ಬರೆದ. ಅವನು ಕಂಡದ್ದು ಮಸೂಫಾ ಜನರನ್ನು, ಕಾಬೂವನ್ನಲ್ಲ. ಹಾಗಾಗಿ ಹೋಲಿಕೆಯನ್ನು ಎಳೆದು ಉದ್ದ ಮಾಡೋದು ಬೇಡ. ನಮಗೆ ಬೇಕಾದದ್ದು ಇಷ್ಟು: ತಾಯಿಯ ಕಥೆ ಒಂದು ಬೇಲಿ. ಪೂರ್ವದಿಂದ ಬಂದ ವೀರನ ವಂಶ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದು. ಗವಿಯ ಹೆಣ್ಣಿನ ಹೊಟ್ಟೆಯಿಂದ ಬಂದವರು ಮಾತ್ರ ಆಳಬಹುದು. ಡೊನಾಲ್ಡ್ ರೈಟ್ 1985ರ ಲೇಖನದಲ್ಲಿ ದೊಡ್ಡ ವಲಸೆ, ದಂಡಯಾತ್ರೆಗಳ ಕಥೆಯನ್ನೇ ಪ್ರಶ್ನಿಸಿದರು. ಸ್ಥಳೀಯರು ನಿಧಾನವಾಗಿ ಮಂಡಿಂಕಾ ಆದರು ಎನ್ನುವ ದಿಕ್ಕಿನ ವಾದ ಅದು. ಹಾಗಿದ್ದರೆ ಈ ಬೇಲಿ ಇನ್ನೂ ಮುಖ್ಯವಾಗುತ್ತದೆ: ಭಾಷೆ ಎಲ್ಲರಿಗೂ ತೆರೆದಿತ್ತು, ಗದ್ದುಗೆ ತೆರೆದಿರಲಿಲ್ಲ.

ಬೇಲಿಯ ಹೊರಗೆ ಯಾರಿದ್ದರು? ಕಪ್ಪ ಕೊಡುತ್ತಿದ್ದ ಫುಲಾ ದನಗಾಹಿಗಳು. ಮುಸ್ಲಿಂ ವ್ಯಾಪಾರಿಗಳು, ಗುರುಗಳು. ಎಲ್ಲಕ್ಕಿಂತ ಹೆಚ್ಚಾಗಿ ಸೆರೆ ಸಿಕ್ಕವರು. ಪೋರ್ಚುಗೀಸರ ಬರಹಗಳಲ್ಲಿ ‘ಫರಿಮ್ ಕಾಬೊ’ ಎಂದು ಬರುವ ಅರಸನ ಬಲಕ್ಕೂ ಅಟ್ಲಾಂಟಿಕ್ ಗುಲಾಮ ವ್ಯಾಪಾರಕ್ಕೂ ಇದ್ದ ನಂಟನ್ನು ವಾಲ್ಟರ್ ರಾಡ್ನಿ 1970ರಲ್ಲೇ ತೋರಿಸಿದ್ದಾರೆ. ದಾಳಿಯಲ್ಲಿ ಹಿಡಿದ ಜನರನ್ನು ಕಾಶೆವಿನಂಥ ಬಂದರುಗಳಲ್ಲಿ ಮಾರಿ ಕುದುರೆ, ಬಂದೂಕು, ಮದ್ದು ತಂದರು. 19ನೇ ಶತಮಾನದಲ್ಲಿ ಆ ವ್ಯಾಪಾರ ಬತ್ತಿತು. 1830ರ ದಶಕದಿಂದ ನದಿ ದಂಡೆಯಲ್ಲಿ ಶೇಂಗಾ ಬೆಳೆ ಹಣ ತರತೊಡಗಿತು. ದುಡಿದು ಬೆಳೆದವನ ಕೈಗೂ ಬಂದೂಕು ಬಂತು. ಕಾಬೂವಿನ ಉತ್ತರದಲ್ಲಿ ಫುಲಾದು ರಾಜ್ಯ ಕಟ್ಟಿದ ಅಲ್ಫಾ ಮೊಲೊ ಗುಲಾಮ ಮೂಲದವನು, ಬೇಟೆಗಾರ. ಅಂದರೆ ಕಾಬೂವನ್ನು ಬೀಳಿಸಿದ್ದು ಹೊರಗಿನ ಸೈನ್ಯ ಮಾತ್ರ ಅಲ್ಲ, ಒಳಗೇ ಇದ್ದ ಬೇಲಿಯಾಚೆಯ ಜನ ಕೂಡ.

ಮದ್ದಿನ ಮನೆಯ ಕಥೆ ಮುಚ್ಚಿಡುವುದು ಇದನ್ನೇ. ಹಲವು ದಶಕಗಳ ಸವಕಳಿಯನ್ನು ಅದು ಒಂದು ದಿನದ ಸ್ಫೋಟವಾಗಿ ಮಾಡುತ್ತದೆ. ಆ ಮದ್ದು ಯಾರನ್ನು ಮಾರಿದ ಹಣದಿಂದ ಬಂತು ಎಂಬ ಪ್ರಶ್ನೆ ಏಳುವ ಮೊದಲೇ ಅದಕ್ಕೆ ಬೆಂಕಿ ಬಿದ್ದಿರುತ್ತದೆ. ಅರಸ ಸಾಯುವ ರೀತಿಯ ಘನತೆ ಅವನು ಆಳಿದ ರೀತಿಗೂ ಅಂಟಿಕೊಳ್ಳುತ್ತದೆ.

ಮುಗಿದದ್ದು ಯಾರ ಬೀಜ? ಮಂಡಿಂಕಾ ಜನರದ್ದಂತೂ ಅಲ್ಲ. ಫುಟ್‌ಬಾಲ್ ನೋಡುವವರಿಗೆ ಸಾದಿಯೊ ಮಾನೆ ಗೊತ್ತು. ಹುಟ್ಟಿದ್ದು ಕಾಸಾಮಾಂಸ್ ಸೀಮೆಯಲ್ಲಿ. ಅವರ ವಂಶಾವಳಿ ಹುಡುಕುವುದು ನಮ್ಮ ಕೆಲಸವಲ್ಲ, ಆದರೆ ಆ ಹೆಸರು ಇವತ್ತಿಗೂ ಮೂರು ದೇಶಗಳಲ್ಲಿ ಓಡಾಡುತ್ತಿದೆ. ಮುಗಿದದ್ದು ಒಂದು ವರ್ಗದ ಆಳುವ ಹಕ್ಕು. ತುರುಬಾನ್ ಆ ವರ್ಗದ ಶೋಕಗೀತೆ. ಅದನ್ನು ಇಡೀ ಜನಾಂಗದ ಶೋಕ ಅಂತ ಓದಿದರೆ ನಾವೂ ಬೇಲಿಯ ಒಳಗೇ ನಿಂತು ಓದಿದ ಹಾಗೆ.

(ಚರ್ಚೆಯಿಂದ)

ಪ್ರಶ್ನೆ: ಸರ್, ಆ ನಾಡನ್ನು ಪೋರ್ಚುಗೀಸರು, ಫ್ರೆಂಚರು, ಬ್ರಿಟಿಷರು ಹಂಚಿಕೊಂಡರು. ಗಡಿಗಳಾಚೆ ಉಳಿದವರಿಗೆ ಈ ಹಾಡೇ ಆಸ್ತಿ. ಅದನ್ನೂ ಅನುಮಾನದಿಂದ ನೋಡಿದ್ರೆ ಏನು ಉಳಿಯುತ್ತೆ?

ಉತ್ತರ: ಒಳ್ಳೆಯ ಪ್ರಶ್ನೆ. ಹಾಡು ಸುಳ್ಳು ಅಂತ ನಾನು ಹೇಳ್ತಿಲ್ಲ. ಮೂರು ಗಡಿಗಳ ನಡುವೆ ಒಂದು ನೆನಪನ್ನು ಜೀವಂತವಾಗಿಟ್ಟದ್ದು ಅದೇ. ಆದರೆ ಅದೇ ಊರುಗಳಲ್ಲಿ ಆ ಅರಸರ ಆಳುಗಳಾಗಿದ್ದವರ ಮೊಮ್ಮಕ್ಕಳೂ ಕೂತು ಹಾಡು ಕೇಳ್ತಾರೆ. ಅವರ ಕಿವಿಗೆ ಅದು ಹೇಗೆ ಕೇಳಿಸುತ್ತೆ ಅಂತ ಕೇಳೋದರಿಂದ ಹಾಡು ಕಡಿಮೆಯಾಗೋದಿಲ್ಲ. ಕೇಳುವವರು ಹೆಚ್ಚಾಗ್ತಾರೆ.