ಜೀವಂಧರನ ನಾಯಿಯೂ ಮನೆಯ ಮುದಿ ನಾಯಿಯೂ

ಜೀವಂಧರಸ್ವಾಮಿಯ ಚರಿತೆಯನ್ನು ಬಲ್ಲ ಶ್ರಾವಕರಿಗೆ ಅದರೊಳಗಿನ ನಾಯಿಯ ಪ್ರಸಂಗ ಹೊಸತಲ್ಲ. ವಸಂತಕಾಲದ ಜಲಕ್ರೀಡೆಯನ್ನು ನೋಡಲು ಹೊರಟ ಕುಮಾರನು, ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಪೆಟ್ಟು ತಿಂದು ಪ್ರಾಣಸಂಕಟದಲ್ಲಿದ್ದ ನಾಯಿಯೊಂದನ್ನು ಕಾಣುತ್ತಾನೆ. ಅದನ್ನು ಬದುಕಿಸಲು ಯತ್ನಿಸುತ್ತಾನೆ. ಯತ್ನ ಫಲಿಸದಾಗ ಪಂಚನಮಸ್ಕಾರ ಮಂತ್ರವನ್ನು ಉಪದೇಶಿಸುತ್ತಾನೆ. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕಾಷ್ಠಾಂಗಾರನಿಂದ ಕುಮಾರನಿಗೆ ಒದಗಿದ ಪ್ರಾಣಾಪಾಯವನ್ನು ತಪ್ಪಿಸಿ ಉಪಕಾರ ತೀರಿಸುತ್ತದೆ. ಈ ಚರಿತೆಯನ್ನು ಸಂಸ್ಕೃತದಲ್ಲಿ ವಾದೀಭಸಿಂಹನು ‘ಕ್ಷತ್ರಚೂಡಾಮಣಿ’ಯಲ್ಲೂ ‘ಗದ್ಯಚಿಂತಾಮಣಿ’ಯಲ್ಲೂ ಹೇಳಿದ್ದಾನೆ. ಕನ್ನಡದಲ್ಲಿ ಭಾಸ್ಕರಕವಿಯು 1424ರಲ್ಲಿ ಭಾಮಿನಿ ಷಟ್ಪದಿಯ ‘ಜೀವಂಧರ ಚರಿತೆ’ಯನ್ನು ರಚಿಸಿದ್ದಾನೆ.

ಪ್ರವಚನಗಳಲ್ಲಿಯೂ ಮಕ್ಕಳ ಪಾಠಗಳಲ್ಲಿಯೂ ಈ ಪ್ರಸಂಗ ಸಾಮಾನ್ಯವಾಗಿ ಒಂದೇ ವಾಕ್ಯಕ್ಕೆ ಇಳಿದುಬಿಡುತ್ತದೆ: ಮಂತ್ರ ಕೇಳಿದ ನಾಯಿ ದೇವನಾಯಿತು. ಇದಕ್ಕೆ ಗ್ರಂಥದ ರಚನೆಯೂ ಒಂದು ಕಾರಣ. ‘ಕ್ಷತ್ರಚೂಡಾಮಣಿ’ಯ ಶ್ಲೋಕಗಳು ಬಹುಮಟ್ಟಿಗೆ ಮೊದಲರ್ಧದಲ್ಲಿ ಕಥೆಯನ್ನೂ ಎರಡನೆಯ ಅರ್ಧದಲ್ಲಿ ನೀತಿಯನ್ನೂ ಹೇಳುತ್ತವೆ. ನೀತಿಯ ಅರ್ಧ ಬಾಯಿಪಾಠವಾಗಿ ಉಳಿಯುತ್ತದೆ. ಕಥೆಯ ಅರ್ಧ ಕಳೆದುಹೋಗುತ್ತದೆ. ಹೀಗೆ ಕಳೆದುಹೋದದ್ದು ಕುಮಾರನ ಮೊದಲ ಯತ್ನ. ರಾಜಪುತ್ರನೊಬ್ಬನು ಉತ್ಸವಕ್ಕೆ ಹೋಗುವ ದಾರಿಯಲ್ಲಿ ನಿಂತು, ಇತರರು ಅಶುಚಿಯೆಂದು ಬಡಿದ ಪ್ರಾಣಿಯ ಬಳಿಗೆ ಹೋದನು. ಮೊದಲು ಆರೈಕೆ, ಅದು ಸಾಲದಾದಾಗ ಮಂತ್ರ ಎಂಬುದು ಕವಿ ಇಟ್ಟ ಕ್ರಮ. ಕ್ರಮವನ್ನು ಬಿಟ್ಟು ಫಲವನ್ನಷ್ಟೇ ಹೇಳಿದರೆ, ಮಂತ್ರವು ಆರೈಕೆಯ ಬದಲಿಗೆ ದೊರೆಯುವ ಸುಲಭ ಸಾಧನವೆಂಬ ತಪ್ಪುತಿಳಿವಳಿಕೆ ಹುಟ್ಟುತ್ತದೆ.

ಕನ್ನಡ ಜೈನ ಕಾವ್ಯದ ಇನ್ನೊಂದು ನಾಯಿ ಜನ್ನನ ‘ಯಶೋಧರ ಚರಿತೆ’ (1209)ಯದು. ಹಿಟ್ಟಿನ ಕೋಳಿಯನ್ನು ಬಲಿಗೊಡಿಸಿದ ಚಂದ್ರಮತಿ ನಾಯಿಯಾಗಿ ಹುಟ್ಟಿ, ಸ್ವಂತ ಮೊಮ್ಮಗನ ಅರಮನೆಗೇ ಬಂದು, ಅವನ ಪೆಟ್ಟಿನಿಂದಲೇ ಸಾಯುತ್ತಾಳೆ. ಅಜ್ಜಿಯೆಂದು ಅವನಿಗೆ ತಿಳಿಯದು. ಮನೆಯ ಬಾಗಿಲಲ್ಲಿ ಮಲಗಿರುವ ಜೀವ ಯಾರದೆಂದು ಹೇಳಬಲ್ಲವರಾರು ಎಂಬ ಭಯವನ್ನೂ ಮರುಕವನ್ನೂ ಈ ಪ್ರಸಂಗ ಓದುಗನಲ್ಲಿ ಒಟ್ಟಿಗೆ ಮೂಡಿಸುತ್ತದೆ.

ಆದರೆ ಈ ಎರಡು ಪ್ರಸಂಗಗಳಿಗೂ ಒಂದು ಮಿತಿಯಿದೆ. ಎರಡರಲ್ಲಿಯೂ ನಾಯಿ ಪೆಟ್ಟಿನಿಂದ ಸಾಯುತ್ತದೆ, ಮುಪ್ಪಿನಿಂದಲ್ಲ. ಮರಣಕಾಲದ ಒಂದು ಗಳಿಗೆಯನ್ನು ಕಾವ್ಯ ಬೆಳಗುತ್ತದೆ; ಅದಕ್ಕೆ ಮುಂಚಿನ ಎರಡು ವರ್ಷಗಳನ್ನು ಹೇಳುವುದಿಲ್ಲ. ಇಂದಿನ ಗೃಹಸ್ಥನಿಗೆ ಒದಗುವುದು ಆ ಎರಡು ವರ್ಷಗಳೇ. 12–13 ವರ್ಷ ಮನೆ ಕಾಯ್ದ ನಾಯಿಗೆ ಕಣ್ಣಿನ ಪೊರೆ ಬರುತ್ತದೆ, ಕಿವಿ ಮಂದವಾಗುತ್ತದೆ, ಹಿಂಗಾಲಿನ ಕೀಲುಗಳು ಹಿಡಿದುಕೊಳ್ಳುತ್ತವೆ. ಮೂತ್ರಪಿಂಡ ಸೋತರೆ ಅದು ಪದೇ ಪದೇ ನೀರು ಕುಡಿದು ಒಳಗೇ ಮೂತ್ರ ಮಾಡುತ್ತದೆ. ಬುದ್ಧಿ ಮಂಕಾದ ನಾಯಿ ರಾತ್ರಿಯೆಲ್ಲ ಗೊತ್ತುಗುರಿಯಿಲ್ಲದೆ ಬೊಗಳುವುದೂ ಉಂಟು. ಇಲ್ಲಿ ಯಕ್ಷನೂ ಇಲ್ಲ, ಪ್ರತ್ಯುಪಕಾರವೂ ಇಲ್ಲ, ಒರೆಸಬೇಕಾದ ನೆಲವಿದೆ.

ಕಾವ್ಯ ಬಿಟ್ಟ ಜಾಗವನ್ನು ಆಚಾರಗ್ರಂಥಗಳು ತುಂಬುತ್ತವೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ‘ತತ್ತ್ವಾರ್ಥಸೂತ್ರ’ ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ಹೊಡೆತ. ಕಾಲಿಲ್ಲದ ನಾಯಿಯನ್ನು ಗಲೀಜಿನ ಭಯದಿಂದ ಹಿತ್ತಿಲಲ್ಲಿ ಸದಾ ಕಟ್ಟಿಹಾಕುವುದು ಬಂಧ. ಮೂತ್ರ ಕಡಿಮೆಯಾಗಲೆಂದು ನೀರಿನ ಬಟ್ಟಲನ್ನು ಎತ್ತಿಡುವುದು ಅನ್ನಪಾನನಿರೋಧ. ಮೂತ್ರಪಿಂಡ ಕೆಟ್ಟ ಪ್ರಾಣಿಗೆ ಅದು ಮಾರಕವೂ ಹೌದು. ಮನೆಯವರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂದು ನಾಯಿಯ ರಾತ್ರಿಯ ನೀರನ್ನೋ ಔಷಧವನ್ನೋ ತಡೆಯುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ. ವ್ರತವು ಸ್ವೀಕರಿಸಿದವನಿಗೆ ಸೇರಿದ್ದು. ಮತ್ತೊಂದು ಜೀವದ ಮೇಲೆ ಹೊರಿಸಿದರೆ ಅದು ವ್ರತವಲ್ಲ. ಸಲ್ಲೇಖನದ ಹೆಸರಿನಲ್ಲಿ ಆಹಾರ ನಿಲ್ಲಿಸುವ ಮಾತಿಗೂ ಇದೇ ಉತ್ತರ. ಸಲ್ಲೇಖನವನ್ನು ಸ್ವೀಕರಿಸಬಹುದು, ವಿಧಿಸಲಾಗದು.

ಕಠಿಣವಾದ ಪ್ರಶ್ನೆ ಕೊನೆಯದು. ನೋವು ನೋಡಲಾಗದೆ ಚುಚ್ಚುಮದ್ದಿನಿಂದ ಪ್ರಾಣ ತೆಗೆಸುವುದು ಕರುಣೆಯೇ? ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ಈ ವಾದವನ್ನು ನೇರವಾಗಿ ಎದುರಿಸುತ್ತದೆ. ಬಹುದುಃಖಿಗಳನ್ನು ಕೊಂದರೆ ಅವರ ದುಃಖ ಬೇಗ ಮುಗಿಯುತ್ತದೆಂಬ ಭಾವನೆಯನ್ನು ಅದು ಕತ್ತಿಗೆ ಹೋಲಿಸಿ, ಆ ಕತ್ತಿಯನ್ನು ಹಿಡಿಯಬಾರದೆನ್ನುತ್ತದೆ. ಹೋಲಿಕೆ ಮಾರ್ಮಿಕವಾದುದು. ಕತ್ತಿ ಇರುವುದು ನೋಡುವವನ ಕೈಯಲ್ಲಿ. ಸಹಿಸಲಾಗದ ಸಂಕಟವೂ ಅನೇಕ ವೇಳೆ ಅವನದೇ.

ಈ ನಿಷೇಧವನ್ನು ಎತ್ತಿಹಿಡಿಯುವವರು ಅದೇ ಗ್ರಂಥದ ಇನ್ನೊಂದು ಮಾತನ್ನು ಮರೆಯುತ್ತಾರೆ. ಹಿಂಸೆಯನ್ನು ಆಚಾರ್ಯರು ಪ್ರಾಣಿಯ ಸಾವಿನಿಂದ ಅಳೆಯುವುದಿಲ್ಲ. ರಾಗಾದಿಗಳಿಂದಲೂ ಪ್ರಮಾದದಿಂದಲೂ ಅಳೆಯುತ್ತಾರೆ. ಪ್ರಾಣಿ ಸತ್ತರೂ ಬದುಕಿದರೂ ಅಜಾಗರೂಕತೆಯಿದ್ದಲ್ಲಿ ಹಿಂಸೆಯಿದೆ. ಹಾಗಾದರೆ ಚುಚ್ಚುಮದ್ದು ಬೇಡವೆಂದವನು ನಾಯಿಯನ್ನು ಹಾಸಿಗೆಹುಣ್ಣಿಗೆ ಬಿಟ್ಟರೆ, ಅಥವಾ ಊರಾಚೆ ಇಳಿಸಿಬಂದರೆ, ಅವನ ಕೈ ಶುದ್ಧವೆನ್ನಲಾಗದು. ಕೊಲ್ಲಬಾರದೆಂಬ ಮಾತು ಶುಶ್ರೂಷೆಯ ಸಾಲವನ್ನು ಹೊತ್ತೇ ಬರುತ್ತದೆ. ಅದರ ಕರ್ಮವನ್ನು ಅದೇ ಅನುಭವಿಸಲಿ ಎಂಬ ಸಮಾಧಾನವೂ ನಿಲ್ಲದು. ಹಾಗೆನ್ನುವವರು ತಮ್ಮ ಮನೆಯ ಹಿರಿಯರಿಗೆ ವೈದ್ಯರನ್ನು ಕರೆಸದೆ ಇರುವುದಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿರುವುದೂ ಸುಮ್ಮನೆ ಅಲ್ಲ.

ಆ ಸಾಲವನ್ನು ತೀರಿಸುವ ಬಗೆ ದೊಡ್ಡದೇನಲ್ಲ. ಜಾರುವ ನೆಲದ ಮೇಲೆ ಗೋಣಿಚೀಲ ಹಾಸಬೇಕು. ಏಳಲಾಗದ ನಾಯಿಯನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ನೀರು ಬಾಯಿಗೆ ಎಟುಕುವಂತಿರಬೇಕು. ನೋವಿಗೆ ಪಶುವೈದ್ಯರು ಹೇಳಿದ ಔಷಧವನ್ನೇ ಕೊಡಬೇಕು. ಮನುಷ್ಯರ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಜುಗುಪ್ಸೆಯನ್ನು ಗೆಲ್ಲಲು ನಿರ್ವಿಚಿಕಿತ್ಸಾ ಅಂಗದಲ್ಲಿ ಪ್ರಸಿದ್ಧನಾದ ಉದ್ದಾಯನ ರಾಜನನ್ನು ನೆನೆಯಬಹುದು. ಅವನು ಸೇವೆ ಮಾಡಿದ್ದು ಮುನಿವೇಷದವನಿಗೆ, ನಾಯಿಗಲ್ಲ. ಎರಡನ್ನೂ ಸಮವೆನ್ನುವುದು ಶಾಸ್ತ್ರಕ್ಕೆ ಒಪ್ಪದು. ಆದರೆ ವಾಂತಿಯನ್ನು ತೊಳೆಯಲು ಹೇಸದ ಕೈ ಬಾಗಿಲ ಜೀವದ ಬಳಿಗೆ ಬಂದಾಗ ಮಾತ್ರ ಹೇಸಬೇಕೆಂದೂ ಶಾಸ್ತ್ರ ಹೇಳಿಲ್ಲ.

ಒಂದು ಮನೆಯಿಂದಾಗದ್ದು ಸಮಾಜದಿಂದ ಆಗಬೇಕು. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರಿ ಕ್ರಮದ ವಿರುದ್ಧ ಪಾರ್ಸಿಗಳು ಮುಂದಾಗಿ ಗಲಭೆಯೆದ್ದಿತು. ಅದರ ಬೆನ್ನಲ್ಲೇ 1834ರಲ್ಲಿ ಸರ್ ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ಅವರು ಅಲ್ಲಿನ ಪಾಂಜರಾಪೋಳವನ್ನು ಸ್ಥಾಪಿಸಿದರು. ದೆಹಲಿಯ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳಿಗೆ ಆಸ್ಪತ್ರೆಯಿದೆ. ಬಸದಿಯ ಟ್ರಸ್ಟುಗಳು ವರ್ಷದ ಆಯವ್ಯಯದಲ್ಲಿ ಗೋಶಾಲೆಯ ಬಾಬ್ತಿನ ಪಕ್ಕಕ್ಕೆ ಮುದಿ ಪ್ರಾಣಿಗಳ ಔಷಧಕ್ಕೆಂದು ಇನ್ನೊಂದು ಸಾಲು ಸೇರಿಸಿದರೆ, ಕಡುಬಡವನ ಮನೆಯ ನಾಯಿಗೂ ಪಶುವೈದ್ಯರು ದೊರೆಯುತ್ತಾರೆ.

ಪಾಠಶಾಲೆಗಳಲ್ಲಿ ಜೀವಂಧರನ ಕಥೆಯನ್ನು ಮುಂದೆಯೂ ಹೇಳಬೇಕು, ಆದರೆ ಪೂರ್ತಿಯಾಗಿ ಹೇಳಬೇಕು. ಕುಮಾರನು ದಾರಿಯಲ್ಲಿ ನಿಂತದ್ದನ್ನೂ ಬದುಕಿಸಲು ಯತ್ನಿಸಿದ್ದನ್ನೂ ಮಂತ್ರದ ಮಹಿಮೆಯ ಜೊತೆಗೇ ಮಕ್ಕಳು ಕೇಳಲಿ. ಮನೆಯ ಮುದಿ ನಾಯಿಯ ಕಿವಿಯಲ್ಲಿ ನಮಸ್ಕಾರ ಮಂತ್ರವನ್ನು ಹೇಳುವ ದಿನ ಬಂದಾಗ, ಹೇಳುವವರು ಅದಕ್ಕೆ ಮೊದಲು ಮಾಡಬೇಕಾದುದನ್ನು ಮಾಡಿ ಮುಗಿಸಿದವರಾಗಿರಲಿ.