ಧೀರೋದಾತ್ತನು ಉದ್ಧತನಾದಾಗ

ದಶರೂಪಕಕಾರನಾದ ಧನಂಜಯನ ಮತದಂತೆ ಧೀರೋದಾತ್ತ ನಾಯಕನು ಮಹಾಸತ್ತ್ವನು, ಗಂಭೀರನು, ಕ್ಷಮಾವಂತನು, ಆತ್ಮಪ್ರಶಂಸೆಯನ್ನು ಅರಿಯದವನು. ಪ್ರತಿನಾಯಕನಾದರೋ ಲೋಭಿ, ಧೀರೋದ್ಧತ, ಪಾಪಕಾರಿ, ವ್ಯಸನಿ. ಬಲವೂ ಧೈರ್ಯವೂ ಇಬ್ಬರಿಗೂ ಸಮಾನವೇ. ಹಾಗಾದರೆ ಉದಾತ್ತನು ಉದ್ಧತನಾಗಲು ಎಷ್ಟು ದೂರ ನಡೆಯಬೇಕು?

ಅಮೆರಿಕಾ ದೇಶದ ಚಿತ್ರಕಥೆಗಳಲ್ಲಿ, ಎಂದರೆ ಕಾಮಿಕ್ ಪುಸ್ತಕಗಳಲ್ಲಿ, ಈ ಪ್ರಶ್ನೆಯು ಕೆಲವು ದಶಕಗಳಿಂದ ಮತ್ತೆಮತ್ತೆ ಪರೀಕ್ಷೆಗೆ ಒಳಗಾಗುತ್ತಿದೆ. ಲೋಕರಕ್ಷಕರೆಂದು ಪ್ರಸಿದ್ಧರಾದ ಅತಿಮಾನುಷ ವೀರರನ್ನೇ ಖಳರನ್ನಾಗಿ ಕಲ್ಪಿಸುವುದು ಅಲ್ಲಿ ಒಂದು ಸಂಪ್ರದಾಯವೇ ಆಗಿದೆ. ಇದು ಸದ್ಗುಣದ ಮೇಲೆ ಕೆಸರೆರಚುವ ಚಪಲವೆಂದು ಹಳಿಯುವವರುಂಟು. ಮುಗ್ಧತೆ ಕಳೆದು ಪ್ರೌಢಿಮೆ ಬಂದಿತೆಂದು ಹೊಗಳುವವರೂ ಉಂಟು. ಉಭಯಪಕ್ಷದವರೂ ಎಲ್ಲ ಕೃತಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ವಿವೇಚಿಸಬೇಕಾದುದು ಬೇರೊಂದಿದೆ: ವೀರನ ಕೇಡು ಎಲ್ಲಿಂದ ಹುಟ್ಟಿತು?

ಸೂಪರ್‌ಮ್ಯಾನ್ ಎಂಬ ವೀರನನ್ನು ಸೃಷ್ಟಿಸಿದವರು ಕ್ಲೀವ್‌ಲೆಂಡ್ ನಗರದ ಜೆರ್ರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರು. 1933ರಲ್ಲಿ ಅವರು ತಾವೇ ಹೊರಡಿಸಿದ ಪುಟ್ಟ ಪತ್ರಿಕೆಯಲ್ಲಿ ಆ ಹೆಸರು ಮೊದಲು ಬಂದಾಗ ಅದನ್ನು ಹೊತ್ತವನು ವೀರನಲ್ಲ, ಖಳನು. ರೊಟ್ಟಿಗಾಗಿ ಸಾಲಿನಲ್ಲಿ ನಿಂತಿದ್ದ ಬಡವನೊಬ್ಬನು ವಿಜ್ಞಾನಿಯೊಬ್ಬನ ಔಷಧದಿಂದ ಪರಚಿತ್ತವನ್ನು ಅರಿಯುವ ಶಕ್ತಿಯನ್ನು ಪಡೆದು ಲೋಕವನ್ನೇ ಆಳಲು ಹವಣಿಸಿದನು. ಔಷಧದ ಪ್ರಭಾವವು ಇಳಿಯಲು ಮತ್ತೆ ಅದೇ ಸಾಲಿಗೆ ಮರಳಿದನು. 1938ರಲ್ಲಿ ಆ್ಯಕ್ಷನ್ ಕಾಮಿಕ್ಸ್ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅದೇ ಹೆಸರು ದೀನರಕ್ಷಕನೊಬ್ಬನದಾಯಿತು. ಆ ರಕ್ಷಕನೂ ಕಾನೂನಿನ ದಾರಿಯನ್ನು ಕಾಯುವವನಲ್ಲ. 1939ರ ಜನವರಿ ಸಂಚಿಕೆಯ ಕಥೆಯಲ್ಲಿ, ಸರಕಾರವು ಒಳ್ಳೆಯ ಮನೆಗಳನ್ನು ಕಟ್ಟಿಸಿಕೊಡಲೆಂದು, ಬಡವರ ಹಾಳುಬಿದ್ದ ಕೇರಿಯನ್ನು ತಾನೇ ಕೆಡವಿಹಾಕುತ್ತಾನೆ. ಉದ್ದೇಶವು ಒಳ್ಳೆಯದೇ. ಆದರೆ ಹಾಗೆ ಕೆಡಹುವ ಅಧಿಕಾರವನ್ನು ಅವನಿಗೆ ಕೊಟ್ಟವರಾರು?

ಉತ್ತಮವಾದ ವಿಪರ್ಯಾಸಗಳೆಲ್ಲ ಈ ಪ್ರಶ್ನೆಯಿಂದ ಹುಟ್ಟಿವೆ. ಮಾರ್ಕ್ ಗ್ರುಯೆನ್‌ವಾಲ್ಡ್ 1985-86ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬರೆದ ‘ಸ್ಕ್ವಾಡ್ರನ್ ಸುಪ್ರೀಮ್’ ಕೃತಿಯಲ್ಲಿ ವೀರರ ಗುಂಪೊಂದು ಹಸಿವು, ಯುದ್ಧ, ಅಪರಾಧಗಳನ್ನು ಅಳಿಸುವುದಕ್ಕಾಗಿ ದೇಶದ ಆಡಳಿತವನ್ನು ಕೈಗೆ ತೆಗೆದುಕೊಂಡು, ಅಪರಾಧಿಗಳ ಮನಸ್ಸನ್ನು ಯಂತ್ರದಿಂದ ತಿದ್ದುತ್ತದೆ. 2003ರಲ್ಲಿ ಪ್ರಕಟವಾದ ಮಾರ್ಕ್ ಮಿಲ್ಲರನ ‘ರೆಡ್ ಸನ್’ ಇನ್ನೂ ಸೂಕ್ಷ್ಮವಾದುದು. ಇದರಲ್ಲಿ ಶಿಶು ಸೂಪರ್‌ಮ್ಯಾನನನ್ನು ಹೊತ್ತ ಆಕಾಶನೌಕೆಯು ಅಮೆರಿಕಾದ ಕಾನ್ಸಾಸಿಗೆ ಬದಲಾಗಿ ಸೋವಿಯೆಟ್ ಒಕ್ಕೂಟದ ಉಕ್ರೇನಿನಲ್ಲಿ ಇಳಿಯುತ್ತದೆ. ಬೆಳೆದವನು ದುಷ್ಟನಲ್ಲ, ಪದವಿಯನ್ನು ಬಯಸಿದವನೂ ಅಲ್ಲ. ರೊಟ್ಟಿಯ ಸಾಲಿನಲ್ಲಿ ನಿಂತ ಬಾಲ್ಯಸಖಿಯನ್ನು ಕಂಡು ಕರಗಿ ಅಧಿಕಾರವನ್ನು ವಹಿಸಿಕೊಳ್ಳುತ್ತಾನೆ. ಕ್ರಮೇಣ ಹಸಿವು ಇಲ್ಲವಾಗುತ್ತದೆ. ಅದರೊಡನೆ ಭಿನ್ನಾಭಿಪ್ರಾಯವೂ ಇಲ್ಲವಾಗುತ್ತದೆ. ಒಪ್ಪದವರ ಮಿದುಳನ್ನೇ ಮಾರ್ಪಡಿಸಿ ವಿಧೇಯರನ್ನಾಗಿ ಮಾಡಲಾಗುತ್ತದೆ. ಕರುಣೆಯು ಹೆಜ್ಜೆಹೆಜ್ಜೆಯಾಗಿ ಕ್ರೌರ್ಯವಾಗುವುದನ್ನು ವಾಚಕನು ಕಾಣುತ್ತಾನೆ. ಯಾವ ಹೆಜ್ಜೆಯಲ್ಲಿ ತಡೆಯಬೇಕಾಗಿತ್ತೆಂದು ಮಾತ್ರ ಸುಲಭವಾಗಿ ಹೇಳಲಾರನು. ಕಡೆಗೆ ತನ್ನ ತಪ್ಪನ್ನು ಅರಿತು ನಾಚಿ, ವೀರನು ಅಧಿಕಾರವನ್ನು ತೊರೆದು ಹೋಗುತ್ತಾನೆ. ಆ ನಾಚಿಕೆಯು ಉಳಿದಿದ್ದುದರಿಂದಲೇ ಅವನ ಪತನವು ಕರುಣರಸಕ್ಕೆ ಯೋಗ್ಯವಾಯಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಇದೆ. ಜೋ ಸೈಮನ್, ಜ್ಯಾಕ್ ಕರ್ಬಿ ಎಂಬ ಯೆಹೂದಿ ಕಲಾವಿದರಿಬ್ಬರು ಸೃಷ್ಟಿಸಿದ ಕ್ಯಾಪ್ಟನ್ ಅಮೆರಿಕಾ, ಆ ದೇಶವು ಯುದ್ಧಕ್ಕೆ ಇಳಿಯುವ ಮೊದಲೇ, 1941ರ ತನ್ನ ಮೊದಲ ಸಂಚಿಕೆಯ ಹೊದಿಕೆಯ ಮೇಲೆ ಹಿಟ್ಲರನನ್ನು ಗುದ್ದಿದವನು. 2016ರಲ್ಲಿ ನಿಕ್ ಸ್ಪೆನ್ಸರ್ ಅದೇ ವೀರನನ್ನು ಹೈಡ್ರಾ ಎಂಬ ದಬ್ಬಾಳಿಕೆಯ ಸಂಘದ ಗುಪ್ತಸೇವಕನನ್ನಾಗಿ ಮಾಡಿದನು. ಓದುಗರಲ್ಲಿ ಅನೇಕರು ನೊಂದರು. ಹೀಗಾದುದಕ್ಕೆ ಕೊಟ್ಟ ಕಾರಣವಾದರೂ ಏನು? ಮಾಯಾಶಕ್ತಿಯ ಘನವೊಂದು ಅವನ ಪೂರ್ವಚರಿತ್ರೆಯನ್ನೇ ಬದಲಾಯಿಸಿತಂತೆ! ದೋಷವು ಹೊರಗಿನಿಂದ ಬಂದಿತು. 2017ರಲ್ಲಿ ಕಥೆ ಮುಗಿಯುವಾಗ ಹಳೆಯ ವೀರನು ಮರಳಿ ಬಂದು ಖಳರೂಪವನ್ನು ಸೋಲಿಸಿದನು. ದೇಶಭಕ್ತಿಯು ತಾನಾಗಿಯೇ ಹೇಗೆ ವಿಷವಾದೀತೆಂಬ ದೊಡ್ಡ ಪ್ರಶ್ನೆಯು ಕೈಗೆ ಬಂದಿದ್ದರೂ ಮಾಯೆಯ ನೆಪದಿಂದ ಜಾರಿಹೋಯಿತು.

ಗಾರ್ತ್ ಎನ್ನಿಸನು ಬರೆದು ಡೇರಿಕ್ ರಾಬರ್ಟ್‌ಸನ್ ಚಿತ್ರಿಸಿದ ‘ದಿ ಬಾಯ್ಸ್’ (2006-12) ಮೂರನೆಯ ಬಗೆಯದು. ಇದರ ಹೋಮ್‌ಲ್ಯಾಂಡರನಲ್ಲಿ ಉದಾತ್ತತೆಯಿಲ್ಲ, ವೇಷ ಮಾತ್ರವಿದೆ. ವೀರರನ್ನು ಸರಕಿನಂತೆ ಮಾರುವ ಕಂಪೆನಿಯೇ ಇಲ್ಲಿಯ ವಿಡಂಬನದ ಗುರಿ. ಆ ಮಟ್ಟಿಗೆ ಅದು ತೀಕ್ಷ್ಣವಾಗಿದೆ. ಆದರೆ ಎಂದೂ ಮೇಲೇರದವನು ಬೀಳುವುದಾದರೂ ಎಲ್ಲಿಂದ?

ಕನ್ನಡದ ಸಹೃದಯರಿಗೆ ಈ ವಿವೇಚನೆ ಹೊಸದಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನು ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತವನ್ನು ಹಿಡಿದವನು, ಸೀತೆಯನ್ನು ಕಂಡು ಚಿತ್ತವು ಕದಡಿದವನು, ಕಡೆಗೆ ಪಶ್ಚಾತ್ತಾಪಪಟ್ಟವನು. ಅಲ್ಲಿ ಖಳನು ಮೇಲೇರುತ್ತಾನೆ, ಇಲ್ಲಿ ವೀರನು ಕೆಳಗಿಳಿಯುತ್ತಾನೆ, ಮೆಟ್ಟಿಲು ಒಂದೇ. ಪಾತ್ರದ ಅಂತರಂಗದಲ್ಲಿ ಆ ಮೆಟ್ಟಿಲುಗಳನ್ನು ಕಟ್ಟಿದವನೇ ಕವಿ.

ಇಂಥ ಕೃತಿಗಳಲ್ಲಿ ಹಲವು ಎಳೆಯರಿಗೆ ತಕ್ಕವಲ್ಲವೆಂಬುದು ನಿಜ. ಆದರೆ ಉತ್ತಮವಾದವು ಸದ್ಗುಣವನ್ನು ಅವಮಾನಿಸುವುದಿಲ್ಲ. ಧನಂಜಯನು ಧೀರೋದಾತ್ತನ ಗುಣಗಳಲ್ಲಿ ಕ್ಷಮೆಯನ್ನು ಏಕೆ ಎಣಿಸಿದನೆಂಬುದನ್ನು ಅವು ತೋರಿಸಿಕೊಡುತ್ತವೆ. ಇತರರು ತಪ್ಪುವುದನ್ನು ಸಹಿಸಲಾರದ ಬಲಶಾಲಿಯು, ಎಷ್ಟೇ ಒಳ್ಳೆಯವನಾಗಿರಲಿ, ಲೋಕಕ್ಕೆ ಭಯಹೇತುವೇ ಸರಿ.